ಬಾನೆಟ್ ಬಿಸಿ ಇದ್ದರೆ ವಾಪಸ್ ಬನ್ನಿ: ಹಳೆ ಡೀಸೆಲ್ ಎಸ್‌ಯುವಿ ಕೊಳ್ಳುವ ಮುನ್ನ

ಸಂಕ್ರಾಂತಿ ಮುಗಿದ ವಾರ ಕೊಪ್ಪದಿಂದ ಚಿಕ್ಕಪ್ಪನ ಮಗ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ. ಬಿಳಿ ಮಹೀಂದ್ರ ಎಕ್ಸ್‌ಯುವಿ500, 2016ರ ಮಾಡೆಲ್, ಡೀಸೆಲ್. ಓಡಿರೋದು ಬರೀ 62 ಸಾವಿರ ಕಿಲೋಮೀಟರ್. ಬೆಲೆ 5.75 ಲಕ್ಷ. "ಅಣ್ಣಾ, ಗಾಡಿ ಬೆಂಗಳೂರಲ್ಲೇ ಇದೆ. ನೀನು ಮೆಕ್ಯಾನಿಕಲ್ ಓದಿದವನಲ್ವಾ, ಒಂದ್ಸಲ ನೋಡ್ಕೊಂಡು ಬಾ, ಸಂಜೆ ಅಡ್ವಾನ್ಸ್ ಹಾಕ್ತೀನಿ." ಫೋಟೋ ಹಿಗ್ಗಿಸಿ ನೋಡಿದೆ. ನಂಬರ್ ಪ್ಲೇಟ್ ಡಿಎಲ್ ಎಂದು ಶುರುವಾಗಿತ್ತು.

ಅವನ ಅವಸರಕ್ಕೆ ಕಾರಣ ಇತ್ತು. ಚಿಕ್ಕಪ್ಪನಿಗೆ ಕಳೆದ ವರ್ಷ ಬೈಪಾಸ್ ಆಗಿದೆ. ತಿಂಗಳಿಗೊಮ್ಮೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಕರಕೊಂಡು ಹೋಗಬೇಕು. ಮನೆ ಇರೋದು ಟಾರು ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ, ಮಳೆಗಾಲದಲ್ಲಿ ಆ ದಾರಿಗೆ ಆಟೋ ಸಹ ಬರಲ್ಲ. ದುಡ್ಡು ಹೊಂದಿಸಿದ್ದು ಒಂದಿಷ್ಟು ಅಡಿಕೆಯಿಂದ, ಉಳಿದದ್ದು ಸೊಸೈಟಿಯಲ್ಲಿ ಚಿಕ್ಕಮ್ಮನ ಸರ ಅಡವಿಟ್ಟು. ಇದರಲ್ಲಿ ಶೋಕಿಯ ಮಾತಿಲ್ಲ. ರಾತ್ರಿ ಎರಡು ಗಂಟೆಗೆ ಚಿಕ್ಕಪ್ಪನಿಗೆ ಎದೆ ಹಿಡಕೊಂಡರೆ, ಮಲೆನಾಡಿನ ಚಳಿಯಲ್ಲಿ, ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಗಾಡಿ ಬೇಕು, ಅಷ್ಟೇ.

ನನ್ನ ಇಂಜಿನಿಯರಿಂಗ್ ಪ್ರತಿಭೆ ಬಗ್ಗೆ ಮನೆಯವರಿಗೆ ಇರುವ ನಂಬಿಕೆ ನನಗಿಲ್ಲ. ಥರ್ಮೋಡೈನಮಿಕ್ಸ್ ಎರಡನೇ ಅಟೆಂಪ್ಟ್‌ನಲ್ಲಿ ಪಾಸಾದವನು ನಾನು. ಆದರೆ ಹಳೆ ಡೀಸೆಲ್ ಗಾಡಿ ನೋಡೋಕೆ ಬೇಕಾಗಿರೋದು ಡಿಗ್ರಿಯಲ್ಲ. ಒಂದು ಟಾರ್ಚ್, ಒಂದು ಬಿಳಿ ಕರ್ಚೀಫು, ಎರಡು ಬೆಳಗಿನ ಪುರುಸೊತ್ತು ಮತ್ತು ಸ್ವಲ್ಪ ಮೊಂಡುತನ ಇದ್ದರೆ ಸಾಕು. ಹಿಂದೆ ಜಾತ್ರೆಗೆ ಎತ್ತು ತರಲು ಹೋದವರು ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಗೊರಸು ಎತ್ತಿ ನೋಡಿ ಆಮೇಲೆ ದಲ್ಲಾಳಿಯ ಟವೆಲ್ ಕೆಳಗೆ ಕೈ ಹಾಕುತ್ತಿದ್ದರು. ಆರು ಲಕ್ಷದ ಗಾಡಿಯನ್ನು ನಾವು ಫೋಟೋ ನೋಡಿ ಬುಕ್ ಮಾಡ್ತೀವಿ.

ದೆಹಲಿ ಗಾಡಿ ಕೊಪ್ಪಕ್ಕೆ ಯಾಕೆ ಬರುತ್ತೆ?

ಮೊದಲು ಈ ಡಿಎಲ್ ಪ್ಲೇಟಿನ ಕಥೆ. 2015ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ದೆಹಲಿ ಸುತ್ತಮುತ್ತ ಓಡಬಾರದು ಎಂದಿತು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. 2025ರ ಜುಲೈ 1ರಿಂದ ಇಂಥ ಗಾಡಿಗಳಿಗೆ ದೆಹಲಿಯ ಬಂಕ್‌ಗಳಲ್ಲಿ ಡೀಸೆಲ್ಲೇ ಹಾಕಬಾರದು ಎಂಬ ಆದೇಶ ಬಂತು. ಜನ ರೊಚ್ಚಿಗೆದ್ದರು, ಕೆಲವೇ ದಿನದಲ್ಲಿ ಅದನ್ನು ತಡೆಹಿಡಿದರು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ವಯಸ್ಸಿನ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆ ಬಿಎಸ್-4 ಮತ್ತು ಅದರ ನಂತರದ ಗಾಡಿಗಳಿಗೆ ಮಾತ್ರ ಎಂದು ತಿದ್ದಿತು. ಇಷ್ಟೆಲ್ಲ ಹಿಂದೆ ಮುಂದೆ ನೋಡಿದ ದೆಹಲಿಯ ಮಾಲೀಕ ಏನು ಮಾಡುತ್ತಾನೆ? ಒಂಬತ್ತು ವರ್ಷ ಆಗುತ್ತಿದ್ದ ಹಾಗೇ ಸಿಕ್ಕಿದ ಬೆಲೆಗೆ ಮಾರಿಬಿಡುತ್ತಾನೆ. ಕರ್ನಾಟಕದಲ್ಲಿ ಖಾಸಗಿ ಗಾಡಿಯ ಮೊದಲ ನೋಂದಣಿ 15 ವರ್ಷ ನಡೆಯುತ್ತೆ. ಅಲ್ಲಿ ಆಯಸ್ಸು ಮುಗಿಯುತ್ತಾ ಬಂದ ಗಾಡಿಗೆ ಇಲ್ಲಿ ಇನ್ನೂ ಐದಾರು ವರ್ಷ ಇದೆ. ಎರಡು ಊರಿನ ಈ ವ್ಯತ್ಯಾಸದಲ್ಲೇ ದಲ್ಲಾಳಿಯ ಲಾಭ ಇರೋದು.

ನನಗೆ ಇದರಲ್ಲಿ ಒಂದು ತಕರಾರಿದೆ. ಒಂದು ಗಾಡಿ ಎಷ್ಟು ಹೊಗೆ ಬಿಡುತ್ತೆ ಅಂತ ಅಳೆಯದೆ, ಅದರ ಹುಟ್ಟಿದ ದಿನಾಂಕ ನೋಡಿ ಓಡಿಸಿದರೆ ಹೊಗೆ ಕಮ್ಮಿ ಆಗಲ್ಲ, ಅದರ ವಿಳಾಸ ಬದಲಾಗುತ್ತೆ. ರಾಜಧಾನಿಯ ಶ್ವಾಸಕೋಶಕ್ಕೆ ಆಗದ ಗಾಡಿ ಮಲೆನಾಡಿಗೆ ಆಗುತ್ತೆ ಅನ್ನೋದು ಯಾವ ನ್ಯಾಯ? ಅದಿರಲಿ, ನೀತಿ ಸರಿಯಾಗುವವರೆಗೆ ಕಾಯಲು ಚಿಕ್ಕಪ್ಪನ ಹೃದಯಕ್ಕೆ ಪುರುಸೊತ್ತಿಲ್ಲ. ಕೊಳ್ಳುವವರ ಲೆಕ್ಕಕ್ಕೆ ಬರೋಣ.

ಹೊರ ರಾಜ್ಯದ ಗಾಡಿಯ ಬೆಲೆ ಅಂದರೆ ಜಾಹೀರಾತಿನಲ್ಲಿ ಹಾಕಿದ್ದಷ್ಟೇ ಅಲ್ಲ. ಕರ್ನಾಟಕದ ಜೀವಾವಧಿ ತೆರಿಗೆ ದುಬಾರಿ. ಹೊಸ ಕಾರಿಗೆ ಬೆಲೆಗೆ ತಕ್ಕಂತೆ ಶೇ. 13ರಿಂದ 18, ಅದರ ಮೇಲೆ ಸೆಸ್. ಬೇರೆ ರಾಜ್ಯದ ಹಳೆ ಗಾಡಿ ಇಲ್ಲಿಗೆ ಬಂದರೆ ವಯಸ್ಸಿಗೆ ತಕ್ಕಂತೆ ಶೇಕಡಾವಾರು ಇಳಿಯುತ್ತೆ ನಿಜ, ಆದರೆ ಲೆಕ್ಕ ಹಾಕೋದು ನೀವು ಇವತ್ತು ಕೊಡುವ 5.75 ಲಕ್ಷದ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ. ಹದಿನೈದು ಲಕ್ಷದ ಗಾಡಿಗೆ ಹತ್ತು ವರ್ಷ ಆದಮೇಲೂ ಅದು ಸಣ್ಣ ಮೊತ್ತ ಅಲ್ಲ. ಅಡ್ವಾನ್ಸ್ ಕೊಡುವ ಮೊದಲು ಆರ್‌ಸಿ ಪ್ರತಿ ಹಿಡಕೊಂಡು ನಿಮ್ಮ ಆರ್‌ಟಿಒಗೆ ಹೋಗಿ ಎಷ್ಟಾಗುತ್ತೆ ಅಂತ ಕೇಳಿ. ಬಾಯಿಮಾತಿನಲ್ಲಿ "ಐವತ್ತು ಸಾವಿರದೊಳಗೆ ಮುಗಿಯುತ್ತೆ ಸಾರ್" ಅನ್ನುವವನು ಆ ದುಡ್ಡು ಕಟ್ಟುವವನಲ್ಲ.

ಜೊತೆಗೆ ಎನ್‌ಒಸಿ. ಗಾಡಿ ನೋಂದಣಿಯಾದ ಆರ್‌ಟಿಒ ಇದನ್ನು ಫಾರಂ 28ರಲ್ಲಿ ಕೊಡುತ್ತೆ, ಯಾವ ಆರ್‌ಟಿಒಗೆ ಹೋಗುತ್ತೆ ಅನ್ನೋದನ್ನೂ ಅದರಲ್ಲಿ ಬರೆದಿರುತ್ತೆ. ನಮ್ಮ ಹುಡುಗನಿಗೆ ತೋರಿಸಿದ ಎನ್‌ಒಸಿ ಬೆಂಗಳೂರಿನ ಒಂದು ಕಚೇರಿಯ ಹೆಸರಿಗಿತ್ತು. ಅವನಿಗೆ ಬೇಕಾಗಿದ್ದು ಚಿಕ್ಕಮಗಳೂರಿನ ಕೆಎ-18. ಅದನ್ನು ಬದಲಿಸಬೇಕು ಅಂದರೆ ಮತ್ತೆ ದೆಹಲಿಯ ಬಾಗಿಲು ತಟ್ಟಬೇಕು. ಯಾರು ತಟ್ಟುತ್ತಾರೆ?

ಹೊರ ರಾಜ್ಯದ ಗಾಡಿ ಮುಟ್ಟಲೇಬೇಡಿ ಅಂತ ನಾನು ಹೇಳ್ತಿಲ್ಲ. ಎಲ್ಲ ಸೇರಿಸಿ ಕೂಡಿದರೆ ಅದು ಇಲ್ಲಿನ ಗಾಡಿಗಿಂತ ಒಂದು ಲಕ್ಷವಾದರೂ ಅಗ್ಗ ಬೀಳದಿದ್ದರೆ ಆ ತಲೆನೋವು ಯಾಕೆ?

ಇನ್ನೊಂದು ತಮಾಷೆ ವಿಷಯ. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯಲ್ಲಿ 2000 ಸಿಸಿ ಹಾಗೂ ಅದಕ್ಕಿಂತ ದೊಡ್ಡ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿತ್ತು. ಮಹೀಂದ್ರ ಕಂಪನಿಯ 2.2 ಲೀಟರ್ ಇಂಜಿನ್ 2179 ಸಿಸಿ. ಮರು ತಿಂಗಳೇ ಅವರು ದೆಹಲಿಗೆ ಅಂತಲೇ 1.99 ಲೀಟರ್ ಇಂಜಿನ್ ತಂದರು. ಕೋರ್ಟಿನ ಗೆರೆಯಿಂದ ಕೂದಲೆಳೆಯಷ್ಟು ಈಚೆ! 2016ರ ಆಗಸ್ಟ್‌ನಲ್ಲಿ, ಒಂದು ಶೇಕಡಾ ಹಸಿರು ಸೆಸ್ ಕಟ್ಟಿಸಿಕೊಂಡು ನಿಷೇಧ ತೆಗೆದರು. ಹಾಗಾಗಿ ಆ ಕಾಲದ ಎಕ್ಸ್‌ಯುವಿ500 ಅಥವಾ ಸ್ಕಾರ್ಪಿಯೋದ ಆರ್‌ಸಿಯಲ್ಲಿ 2000ಕ್ಕಿಂತ ಕಮ್ಮಿ ಸಿಸಿ ಇದ್ದರೆ, ಈಗ ಯಾವ ನಂಬರ್ ಪ್ಲೇಟ್ ಇದ್ದರೂ ಅದು ದೆಹಲಿಯ ಕಡೆ ಹುಟ್ಟಿದ ಗಾಡಿ ಇರಬಹುದು, ವಿಚಾರಿಸಿ. ಬಿಡಿಭಾಗ ಕೊಳ್ಳುವಾಗ ಯಾವ ಇಂಜಿನ್ ಅಂತ ಹೇಳಬೇಕಾಗುತ್ತೆ.

ಕಾಗದ ಸುಳ್ಳು ಹೇಳಿದರೆ ಇಂಜಿನ್ ನೋಡುವ ಅಗತ್ಯವೇ ಇಲ್ಲ

ಎಂಪರಿವಾಹನ್ ಆ್ಯಪ್‌ಗೆ ನಂಬರ್ ಹಾಕಿದರೆ ನೋಂದಣಿ ದಿನ, ಇಂಧನ, ಎಷ್ಟನೇ ಮಾಲೀಕ, ವಿಮೆ ಎಲ್ಲಿವರೆಗೆ ಇದೆ, ಸಾಲ ಇದೆಯೋ ಇಲ್ಲವೋ ಅನ್ನೋದು ಕಾಣುತ್ತೆ. ಐದು ನಿಮಿಷದ ಕೆಲಸ. ಚಲನ್ ಬಾಕಿ ಇ-ಚಲನ್ ಪೋರ್ಟಲ್‌ನಲ್ಲಿ ಸಿಗುತ್ತೆ. ಕಳವಾದ ಗಾಡಿಯೋ ಅಂತ ನೋಡಲು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 'ವಾಹನ್ ಸಮನ್ವಯ' ಇದೆ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲೆ ಕೊರೆದಿರುವ ನಂಬರಿನ ಜೊತೆ ಅಕ್ಷರ ಅಕ್ಷರವಾಗಿ ಹೋಲಿಸಿ.

ಸಾಲದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. "ಲೋನ್ ಕ್ಲಿಯರ್ ಆಗಿದೆ ಸಾರ್, ಹೆಸರು ತೆಗೆಸಿಲ್ಲ ಅಷ್ಟೇ" ಎನ್ನುತ್ತಾರೆ. ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರುವವರೆಗೆ ಆ ಗಾಡಿಯ ಮೇಲೆ ಬ್ಯಾಂಕಿನ ಹಕ್ಕಿದೆ. ಅಷ್ಟೇ ಅಪಾಯದ ಇನ್ನೊಂದು ಪದ್ಧತಿ, ದಿನಾಂಕ ಮತ್ತು ಕೊಳ್ಳುವವರ ಹೆಸರು ಖಾಲಿ ಬಿಟ್ಟು ಸಹಿ ಹಾಕಿಸಿಕೊಂಡ ಫಾರಂ 29 ಮತ್ತು 30. ಒಂದು ಗಾಡಿ ಹೀಗೆ ಮೂರು ಕೈ ದಾಟಿರಬಹುದು, ಆರ್‌ಸಿಯಲ್ಲಿ ಮಾತ್ರ ಇನ್ನೂ ಮೊದಲನೇ ಮಾಲೀಕನೇ ಇರುತ್ತಾನೆ. "ಸಿಂಗಲ್ ಓನರ್" ಎಂಬ ಜಾಹೀರಾತಿನ ಹಿಂದಿನ ಸತ್ಯ ಎಷ್ಟೋ ಸಲ ಇಷ್ಟೇ. ಆ ಮಾಲೀಕರ ಜೊತೆ ಫೋನಿನಲ್ಲಾದರೂ ಮಾತಾಡದೆ ದುಡ್ಡು ಕೊಡಬೇಡಿ. ಮಾರುವವರಿಗೂ ಇದು ಸುರಕ್ಷಿತ ಅಲ್ಲ. ಅಪಘಾತದ ಪರಿಹಾರದ ಪ್ರಕರಣದಲ್ಲಿ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಎಷ್ಟು ಕೈ ಬದಲಾಗಿದ್ದರೂ ಸರಿ.

ಹಳೆ ಗಾಡಿ ಮಾರುವ ಅಂಗಡಿಗಳಿಗೆ 2023ರ ಏಪ್ರಿಲ್ 1ರಿಂದ ಕೇಂದ್ರದ ಹೊಸ ನಿಯಮ ಇದೆ. ಅವರು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆದಿರಬೇಕು, ಅದು ಫಾರಂ 29ಬಿ. ಗಾಡಿ ಅವರ ಕೈಗೆ ಬಂದಾಗ 29ಸಿ ಮೂಲಕ ಆರ್‌ಟಿಒಗೆ ತಿಳಿಸಬೇಕು, ಆಗ ಗಾಡಿಯ ಹೊಣೆ ಅವರ ಮೇಲೆ ಬರುತ್ತೆ. ನಾನು ಹೋದ ಯಾರ್ಡ್‌ನಲ್ಲಿ 29ಬಿ ತೋರಿಸಿ ಅಂದೆ. ಕೂತಿದ್ದ ಹುಡುಗ ನಕ್ಕು ಚಹಾ ತರಿಸಿದ. ಚಹಾ ಚೆನ್ನಾಗಿತ್ತು. ಬಿಲ್ ಕೊಡುವ ವ್ಯಾಪಾರಿಯಿಂದ ಕೊಂಡರೆ ಮೋಸವಾದಾಗ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಬಹುದು. ನೆರೆಮನೆಯವರಿಂದ ಕೊಂಡರೆ ಆ ದಾರಿ ಸಾಮಾನ್ಯವಾಗಿ ಇರಲ್ಲ, ಯಾಕಂದರೆ ಅವರು ವ್ಯಾಪಾರಿ ಅಲ್ಲ. ಬಿಲ್ಲೂ ಇಲ್ಲ, ಅಧಿಕಾರ ಪತ್ರವೂ ಇಲ್ಲ ಅನ್ನುವ ಯಾರ್ಡ್‌ನಲ್ಲಿ ಕೊಂಡರೆ ಅಂಗಡಿಯ ಲಾಭವನ್ನೂ ಕೊಟ್ಟು, ಅಂಗಡಿಯ ರಕ್ಷಣೆಯನ್ನೂ ಕಳಕೊಂಡ ಹಾಗೆ.

ತಣ್ಣಗಿನ ಇಂಜಿನ್

ಬೆಳಿಗ್ಗೆ ಹತ್ತಕ್ಕೆ ಹೋದಾಗ ಗಾಡಿ ತೊಳೆದು, ಟೈರಿಗೆ ಪಾಲಿಶ್ ಹಚ್ಚಿ ನಿಲ್ಲಿಸಿದ್ದರು. ಕೀಲಿ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಯ್ತು, ಚೂರೂ ಹೊಗೆ ಇಲ್ಲ. ಬಾನೆಟ್ ಮೇಲೆ ಕೈ ಇಟ್ಟೆ. ಬಿಸಿ ದೋಸೆ ಹಂಚಿನ ಹಾಗಿತ್ತು. ನಾನು ಬರುವ ಮೊದಲೇ ಅರ್ಧ ಗಂಟೆ ಓಡಿಸಿದ್ದಾರೆ. "ನಾಳೆ ಬೆಳಿಗ್ಗೆ ಏಳಕ್ಕೆ ಬರ್ತೀನಿ, ಅಲ್ಲಿವರೆಗೂ ಸ್ಟಾರ್ಟ್ ಮಾಡಬೇಡಿ" ಅಂದು ಬಂದೆ. ಹೇಳಿದ್ದು ಏಳಕ್ಕೆ, ಹೋಗಿದ್ದು ಆರೂವರೆಗೆ.

ಇದು ಯಾಕೆ ಮುಖ್ಯ ಅಂದರೆ, ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರ್ ಒಳಗಿನ ಗಾಳಿಯನ್ನು ಹದಿನಾರು ಪಟ್ಟಿನ ಆಸುಪಾಸು ಒತ್ತಿದಾಗ ಅದು ಕಾದು, ಚಿಮ್ಮಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತೆ. ಪಿಸ್ಟನ್ ರಿಂಗ್ ಸವೆದು ಗಾಳಿ ಸೋರಿದರೆ, ಇಂಜೆಕ್ಟರ್ ಸರಿಯಾಗಿ ಚಿಮ್ಮಿಸದಿದ್ದರೆ, ಶುರುವಿನಲ್ಲಿ ಕಾಯಿಸುವ ಗ್ಲೋ ಪ್ಲಗ್ ಕೆಟ್ಟಿದ್ದರೆ, ತಣ್ಣಗಿದ್ದಾಗ ಅದಕ್ಕೆ ಹೊತ್ತಿಕೊಳ್ಳಲು ಕಷ್ಟ. ಒಮ್ಮೆ ಲೋಹ ಕಾದಮೇಲೆ ಇಷ್ಟೂ ರೋಗ ಮರೆಯಾಗುತ್ತೆ. ಹಾಗಾಗಿ ರಾತ್ರಿಯೆಲ್ಲ ನಿಂತ ಇಂಜಿನ್‌ನ ಮೊದಲ ಮೂವತ್ತು ಸೆಕೆಂಡ್‌ನಲ್ಲಿ ಸಿಗುವಷ್ಟು ಮಾಹಿತಿ ಆಮೇಲಿನ ಮೂವತ್ತು ಕಿಲೋಮೀಟರ್ ಓಡಿಸಿದರೂ ಸಿಗಲ್ಲ.

ಎರಡನೇ ಬೆಳಿಗ್ಗೆ ಅದೇ ಗಾಡಿ ಮೂರು ಸಲ ಕೊರಗಿ ನಾಲ್ಕನೇ ಸಲಕ್ಕೆ ಎದ್ದಿತು. ಹಿಂದೆ ನಿಂತಿದ್ದ ನನ್ನ ಮೇಲೆ ನೀಲಿ ಹೊಗೆ. ನೀಲಿ ಅಂದರೆ ಇಂಜಿನ್ ಆಯಿಲ್ ಸುಡುತ್ತಿದೆ: ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೋ. ಕಪ್ಪು ಹೊಗೆ ಗಾಳಿ ಕಮ್ಮಿ, ಡೀಸೆಲ್ ಜಾಸ್ತಿ ಅನ್ನೋದರ ಗುರುತು. ಕೊಳಕು ಏರ್ ಫಿಲ್ಟರ್, ಸೀಳಿದ ಟರ್ಬೋ ಪೈಪು, ಮಸಿ ಕಟ್ಟಿದ ಇಜಿಆರ್ ವಾಲ್ವ್ ಇರಬಹುದು, ಇವು ಸ್ವಲ್ಪ ಕಮ್ಮಿ ಖರ್ಚಿನ ಕಾಯಿಲೆ. ಬಿಳಿ ಹೊಗೆ ಚಳಿಯಲ್ಲಿ ಅರೆನಿಮಿಷ ಬಂದು ನಿಂತರೆ ಅಡ್ಡಿಯಿಲ್ಲ. ಇಂಜಿನ್ ಕಾದ ಮೇಲೂ ಬರುತ್ತಲೇ ಇದ್ದು, ಸಿಹಿ ವಾಸನೆ ಇದ್ದರೆ ಕೂಲಂಟ್ ಸಿಲಿಂಡರ್‌ಗೆ ಇಳಿಯುತ್ತಿದೆ. ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಆಮೇಲೆ ಇಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅದರ ಬಾಯಿ ಮೇಲೇ ಬೋರಲು ಇಟ್ಟೆ. ಸಣ್ಣಗೆ ನಡುಗಿದರೆ ಸರಿ. ನನ್ನದು ಅನ್ನದ ಪಾತ್ರೆಯ ಮುಚ್ಚಳದ ಹಾಗೆ ಕುಣಿದು ಕೆಳಗೆ ಬಿತ್ತು, ಬುಸುಬುಸು ಹೊಗೆ ಬಂತು. ಸವೆದ ರಿಂಗ್‌ಗಳ ಪಕ್ಕದಿಂದ ಸ್ಫೋಟದ ಒತ್ತಡ ಕೆಳಗೆ ಇಳಿಯುತ್ತಿದೆ ಅಂತ ಅರ್ಥ. ಗ್ಯಾರೇಜ್‌ನವರ ಭಾಷೆಯಲ್ಲಿ ಇಂಜಿನ್ ಕೆಲಸ. 62 ಸಾವಿರ ಓಡಿದ, ಸರಿಯಾಗಿ ಆಯಿಲ್ ಬದಲಿಸಿದ ಯಾವ ಕಂಪನಿಯ ಡೀಸೆಲ್ಲೂ ಹೀಗಿರಲ್ಲ. ಮೀಟರ್ ಮೇಲೆ ಅನುಮಾನ ಬಂದಿದ್ದು ಅಲ್ಲೇ.

ಮೀಟರ್ ತಿರುಗಿಸೋಕೆ ಈಗ ಸ್ಕ್ರೂಡ್ರೈವರ್ ಬೇಡ

ಡಿಜಿಟಲ್ ಮೀಟರ್ ತಿದ್ದೋಕೆ ಒಂದು ಲ್ಯಾಪ್‌ಟಾಪ್, ಹತ್ತು ನಿಮಿಷ ಸಾಕು. ಆದರೆ ಗಾಡಿಯ ಉಳಿದ ಭಾಗಗಳನ್ನು ತಿದ್ದೋಕೆ ಆಗಲ್ಲ. ಬ್ರೇಕ್ ಪೆಡಲಿನ ರಬ್ಬರ್ ನುಣುಪಾಗಿದೆಯಾ, ಸ್ಟೀರಿಂಗ್‌ನ ಚರ್ಮ ಹೊಳೆಯುತ್ತಿದೆಯಾ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದೆಯಾ ನೋಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತೆ, 2319 ಅಂದರೆ 2019ರ 23ನೇ ವಾರ ತಯಾರಾದದ್ದು. 62 ಸಾವಿರಕ್ಕೆ ಮೂರನೇ ಸೆಟ್ ಟೈರ್ ಯಾಕಪ್ಪಾ ಬೇಕಾಯ್ತು ಅಂತ ಕೇಳಬಹುದು.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಕಂಪನಿ ಸರ್ವಿಸ್ ಸೆಂಟರಿನ ಕಂಪ್ಯೂಟರಿನಲ್ಲಿದೆ. ಗಾಡಿ ನಂಬರ್ ಅಥವಾ ಚಾಸಿ ನಂಬರ್ ಕೊಟ್ಟು ವಿನಯದಿಂದ ಕೇಳಿದರೆ ಕೊನೆಯ ಸರ್ವಿಸ್ ಯಾವಾಗ, ಎಷ್ಟು ಕಿಲೋಮೀಟರ್‌ಗೆ ಅಂತ ಹಲವರು ಹೇಳುತ್ತಾರೆ. ಹೇಳದಿದ್ದರೆ ಮಾರುವವರನ್ನೇ ಕೇಳಲು ಹೇಳಿ. ಈ ಗಾಡಿ ಕಂಪನಿ ಸರ್ವಿಸ್‌ಗೆ ಕೊನೆಯದಾಗಿ ಹೋಗಿದ್ದು 2021ರಲ್ಲಿ. ಆಗಲೇ 1,18,000 ಓಡಿತ್ತು. ಐದು ವರ್ಷದಲ್ಲಿ ಗಾಡಿ 56 ಸಾವಿರ ಕಿಲೋಮೀಟರ್ ಹಿಂದಕ್ಕೆ ಓಡಿದೆ! ಯಾರ್ಡ್‌ನ ಹುಡುಗನಿಗೆ ಹೇಳಿದೆ. "ನಮಗೆ ಬಂದಿದ್ದೇ ಹೀಗೆ ಸಾರ್" ಅಂದ. ನಿಜ ಇದ್ದರೂ ಇರಬಹುದು, ತಿದ್ದಿದವರು ಯಾರು ಅಂತ ನನಗೆ ಗೊತ್ತಿಲ್ಲ.

ಇಲ್ಲಿ ಒಂದು ಮಾತು. ಜನ ಕಿಲೋಮೀಟರ್ ಕಮ್ಮಿ ಇರೋದನ್ನೇ ಹುಡುಕುವುದರಿಂದಲೇ ಮೀಟರ್ ತಿದ್ದುವ ದಂಧೆ ನಡೆಯೋದು. ದಾಖಲೆ ಇರುವ ಒಂದೂವರೆ ಲಕ್ಷ ಕಿಲೋಮೀಟರ್‌ನ ಡೀಸೆಲ್, ದಾಖಲೆ ಇಲ್ಲದ ಅರವತ್ತು ಸಾವಿರದ್ದಕ್ಕಿಂತ ಎಷ್ಟೋ ವಾಸಿ. ಹೆದ್ದಾರಿಯಲ್ಲಿ ಓಡಿದ ಡೀಸೆಲ್‌ಗೆ ಒಂದು ಲಕ್ಷ ಹೆಚ್ಚಲ್ಲ. ಸಿಟಿ ಟ್ರಾಫಿಕ್‌ನಲ್ಲಿ ಗುರುಗುಟ್ಟುತ್ತಾ ನಿಂತೇ ಕಾಲ ಕಳೆದ ಡೀಸೆಲ್‌ಗೆ ಐವತ್ತು ಸಾವಿರವೂ ಜಾಸ್ತಿ.

ನೆರೆ ನೀರಲ್ಲಿ ಮುಳುಗಿದ ಗಾಡಿಯ ಬಗ್ಗೆ ಬೆಂಗಳೂರಿನವರಿಗೆ ಹೇಳಬೇಕಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರು ಕಡೆಯ ಬಡಾವಣೆಗಳಲ್ಲಿ ದುಬಾರಿ ಕಾರುಗಳು ತೇಲಿದ್ದನ್ನು ಎಲ್ಲರೂ ನೋಡಿದ್ದೇವೆ. ಅಂಥ ಗಾಡಿಗಳು ಒಣಗಿ, ಪಾಲಿಶ್ ಆಗಿ ಎಲ್ಲೋ ಒಂದು ಕಡೆ ಓಡುತ್ತಲೇ ಇರುತ್ತವೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ, ಒಳಗಿನ ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಇದೆಯಾ ನೋಡಿ. ಸೀಟಿನ ಕೆಳಗಿನ ಕಂಬಿಗೆ ತುಕ್ಕು, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಮಣ್ಣು, ಕಾರ್ಪೆಟ್ ಎತ್ತಿದಾಗ ಮುಗ್ಗುಲು ವಾಸನೆ ಇದ್ದರೆ ಬೆಲೆ ಕೇಳುವುದೇ ಬೇಡ. ಕರಾವಳಿಯ ಗಾಡಿಗೆ ಉಪ್ಪುಗಾಳಿಯ ತುಕ್ಕು, ಅದನ್ನು ಕೆಳಗೆ ಮಲಗಿ ಚಾಸಿಗೆ ಟಾರ್ಚ್ ಹಾಕಿಯೇ ನೋಡಬೇಕು. ಬೊಲೆರೋ, ಸ್ಕಾರ್ಪಿಯೋ, ಫಾರ್ಚೂನರ್‌ನಂಥ ಗಾಡಿಗಳಲ್ಲಿ ಪ್ರತ್ಯೇಕ ಚಾಸಿ ಇರುತ್ತೆ. ಅದಕ್ಕೆ ವೆಲ್ಡಿಂಗ್ ಹಾಕಿದ ಗುರುತು ಕಂಡರೆ ದೊಡ್ಡ ಅಪಘಾತ ಆಗಿದೆ ಅಂತಲೇ ತಿಳಿಯಿರಿ.

ಬಾಡಿಗೆಗೆ ಓಡಿದ ಹಳದಿ ಬೋರ್ಡ್ ಇನೋವಾ ಬಿಳಿ ಬೋರ್ಡ್ ಆಗಿ ಬರುವುದೂ ಉಂಟು. ಆರ್‌ಟಿಒ ದಾಖಲೆಯಲ್ಲಿ ಮೊದಲು ಯಾವ ವರ್ಗದಲ್ಲಿ ನೋಂದಣಿ ಆಗಿತ್ತು ಅಂತ ಕೇಳಿದರೆ ಗೊತ್ತಾಗುತ್ತೆ.

ಬಿಎಸ್-6 ಡೀಸೆಲ್ ಬೇರೆಯದೇ ಪ್ರಾಣಿ

ಬಜೆಟ್ ಹತ್ತು ಲಕ್ಷ ದಾಟಿದರೆ 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳು ಸಿಗುತ್ತವೆ. ಇವುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನೋ ಜಾಲರಿ ಇರುತ್ತೆ, ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಜಾಲರಿ ತುಂಬಿದಾಗ ಇಂಜಿನ್ ಹೆಚ್ಚುವರಿ ಡೀಸೆಲ್ ಕಳಿಸಿ, ಸುಮಾರು 600 ಡಿಗ್ರಿಗೆ ಕಾಯಿಸಿ ಆ ಮಸಿಯನ್ನು ಸುಟ್ಟು ಬೂದಿ ಮಾಡುತ್ತೆ. ಅದಕ್ಕೆ ಗಾಡಿ ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಮನೆಯಿಂದ ಆಫೀಸಿಗೆ ನಾಲ್ಕು ಕಿಲೋಮೀಟರ್ ಓಡಿಸುವವರ ಗಾಡಿಯಲ್ಲಿ ಈ ಕೆಲಸ ಅರ್ಧಕ್ಕೆ ನಿಲ್ಲುತ್ತೆ, ಪದೇ ಪದೇ ನಿಲ್ಲುತ್ತೆ. ಕೊನೆಗೆ ಜಾಲರಿ ಕಟ್ಟಿಕೊಳ್ಳುತ್ತೆ, ಸುಡದೆ ಉಳಿದ ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿಯುತ್ತೆ.

ಇದನ್ನು ಪತ್ತೆ ಮಾಡೋದು ಸುಲಭ. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮೇಲಿನ ಗುರುತನ್ನೂ ದಾಟಿದೆ, ಡೀಸೆಲ್ ವಾಸನೆ ಬರುತ್ತಿದೆ ಅಂದರೆ ಗಾಡಿ ಸಿಟಿಯಲ್ಲೇ ಬಾಳಿದೆ. ಆಮೇಲೆ ಆ ಬಿಳಿ ಕರ್ಚೀಫನ್ನು ಬೆರಳಿಗೆ ಸುತ್ತಿ ಸೈಲೆನ್ಸರ್ ಬಾಯೊಳಗೆ ಒರೆಸಿ. ಡಿಪಿಎಫ್ ಸರಿ ಇರುವ ಗಾಡಿಯಲ್ಲಿ ಅದು ಹೆಚ್ಚೂಕಮ್ಮಿ ಸ್ವಚ್ಛವಾಗೇ ಇರಬೇಕು. ಕಾಡಿಗೆ ಹತ್ತಿದರೆ ಜಾಲರಿ ಒಡೆದಿದೆ, ಇಲ್ಲವೇ ಯಾರೋ ಕಿತ್ತು ಹಾಕಿ, ಇಂಜಿನ್‌ನ ಕಂಪ್ಯೂಟರಿಗೆ ಸುಳ್ಳು ಹೇಳಲು ಕಲಿಸಿದ್ದಾರೆ. ಅದು ಕಾನೂನುಬಾಹಿರ. ಕೊಂಡಮೇಲೆ ಆ ತಪ್ಪಿನ ಮಾಲೀಕರೂ ನೀವೇ ಆಗ್ತೀರಿ. ಮಹಾನಗರದ ಬಿಎಸ್-6 ಡೀಸೆಲ್‌ಗಿಂತ ದಾವಣಗೆರೆ, ಹುಬ್ಬಳ್ಳಿ ನಡುವೆ ವಾರವಾರ ಓಡಾಡಿದ್ದು ಒಳ್ಳೆಯದು ಅಂತ ನಾನು ಹೇಳೋದು ಇದಕ್ಕೇ.

ಹಳೆ, ಹೊಸ ಎರಡಕ್ಕೂ ಸಾಮಾನ್ಯವಾದ ದುಬಾರಿ ಭಾಗ ಇಂಜೆಕ್ಟರ್. ಕಾರಿನ ಟೈರಿನಲ್ಲಿ ಸುಮಾರು ಎರಡು ಬಾರ್ ಒತ್ತಡ ಇರುತ್ತೆ, ಕಾಮನ್ ರೈಲ್ ಡೀಸೆಲ್‌ನಲ್ಲಿ ಇಂಧನ 1600 ಬಾರ್ ಅಥವಾ ಅದಕ್ಕೂ ಮೇಲಿನ ಒತ್ತಡದಲ್ಲಿ ಬರುತ್ತೆ. ಅಂಥ ಒತ್ತಡ ತಡೆಯುವ ಸೂಕ್ಷ್ಮ ಭಾಗಕ್ಕೆ ಕಲಬೆರಕೆ ಡೀಸೆಲ್, ನೀರು, ಬದಲಿಸದ ಫಿಲ್ಟರ್ ಇವೇ ಶತ್ರುಗಳು. ಕೆಟ್ಟರೆ ನಾಲ್ಕಕ್ಕೂ ಸೇರಿ ಲಕ್ಷದ ಹತ್ತಿರ ಹೋಗಬಹುದು. ಐಡ್ಲಿಂಗ್‌ನಲ್ಲಿ ಇಂಜಿನ್ ಲಯ ತಪ್ಪಿ ಕುಂಟಿದರೆ ಸ್ಕ್ಯಾನರ್ ಇರುವ ಗ್ಯಾರೇಜಿಗೆ ಒಯ್ದು ತೋರಿಸಿ. ಸಾವಿರ, ಎರಡು ಸಾವಿರದ ಖರ್ಚು ಅಷ್ಟೇ.

ಓಡಿಸಿ ನೋಡುವಾಗ ಹಾಡು ಹಾಕಬೇಡಿ, ಎಸಿ ಆರಿಸಿ, ಕಿಟಕಿ ಇಳಿಸಿ. ಖಾಲಿ ರಸ್ತೆಯಲ್ಲಿ ನಲವತ್ತರ ವೇಗದಲ್ಲಿ ನಾಲ್ಕನೇ ಗೇರ್ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಇಂಜಿನ್ ಕೂಗು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಡಸ್ಟರ್, ಇಕೋಸ್ಪೋರ್ಟ್‌ನಂಥ ಗಾಡಿಯಾದರೆ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ಲೆಕ್ಕ ಇಟ್ಟು ಬೆಲೆ ಇಳಿಸಿ. ಅದು ಓಡುವಾಗ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಇಂಜಿನ್ ಒಳಗೇ ಪುಡಿ.

ಇಷ್ಟು ಓದಿದವರು ಒಂದು ಪ್ರಶ್ನೆ ಕೇಳಬೇಕು: ಡೀಸೆಲ್ಲೇ ಯಾಕೆ ಬೇಕು? 2014ರ ಅಕ್ಟೋಬರ್‌ನಲ್ಲಿ ಬೆಲೆ ನಿಯಂತ್ರಣ ತೆಗೆಯುವವರೆಗೂ, ರೈತರ ಪಂಪ್‌ಸೆಟ್ ಮತ್ತು ಟ್ರ್ಯಾಕ್ಟರ್ ಹೆಸರಲ್ಲಿ ಅಗ್ಗ ಇಟ್ಟ ಡೀಸೆಲ್ಲನ್ನು ಎಸ್‌ಯುವಿಗಳೂ ಕುಡಿದವು. ಈಗ ಆ ಕಾಲ ಇಲ್ಲ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 21.17ಕ್ಕೆ ಏರಿಸಿದಾಗ ಬೆಂಗಳೂರಲ್ಲಿ ಡೀಸೆಲ್ 91, ಪೆಟ್ರೋಲ್ 103 ರೂಪಾಯಿ ಆಸುಪಾಸು ಆಯ್ತು. ಪೆಟ್ರೋಲ್ ಎಸ್‌ಯುವಿ ಲೀಟರಿಗೆ 11, ಡೀಸೆಲ್ 14 ಕಿಲೋಮೀಟರ್ ಕೊಡುತ್ತೆ ಅಂದುಕೊಳ್ಳಿ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ ಸುಮಾರು 2,850 ರೂ. ಉಳಿತಾಯ, ವರ್ಷಕ್ಕೆ 34 ಸಾವಿರ. ತಿಂಗಳಿಗೆ ನಾನೂರು ಕಿಲೋಮೀಟರ್ ಆದರೆ ವರ್ಷಕ್ಕೆ ಹದಿಮೂರು ಹದಿನಾಲ್ಕು ಸಾವಿರ ಅಷ್ಟೇ. ಒಂದು ಇಂಜೆಕ್ಟರ್ ಕೆಟ್ಟರೆ ಒಂದೂವರೆ ವರ್ಷದ ಉಳಿತಾಯ ಹೋಯ್ತು. ಬೆಂಗಳೂರಲ್ಲೇ ಇದ್ದು ವಾರಕ್ಕೊಮ್ಮೆ ಮಾಲ್‌ಗೆ ಹೋಗುವವರಿಗೆ ಡೀಸೆಲ್ ಬೇಡ, ಖಂಡಿತ ಬೇಡ. ನಮ್ಮ ಹುಡುಗನ ಲೆಕ್ಕ ಬೇರೆ. ಗೊಬ್ಬರದ ಚೀಲ, ಅಡಿಕೆ ಮೂಟೆ, ಘಾಟಿ, ಕೆಸರು ಎಲ್ಲ ಸೇರಿ ತಿಂಗಳಿಗೆ ಒಂದೂವರೆ ಸಾವಿರ ಕಿಲೋಮೀಟರ್ ಆಗುತ್ತೆ. ಏರುದಾರಿಯಲ್ಲಿ ಕಮ್ಮಿ ವೇಗದಲ್ಲೇ ಎಳೆಯುವ ಡೀಸೆಲ್ ಅವನಿಗೆ ಬೇಕಾಗಿತ್ತು.

ದೆಹಲಿ ಗಾಡಿ ಬಿಟ್ಟೆವು. ಅವನಿಗೆ ಎರಡು ದಿನ ನನ್ನ ಮೇಲೆ ಸಿಟ್ಟು. ಮೂರು ವಾರ ಬಿಟ್ಟು ಶಿವಮೊಗ್ಗದಲ್ಲಿ ನಿವೃತ್ತ ಮೇಷ್ಟ್ರೊಬ್ಬರ 2017ರ ಸ್ಕಾರ್ಪಿಯೋ ಸಿಕ್ಕಿತು. ಮೀಟರ್‌ನಲ್ಲಿ 1,41,000. ಪ್ರತಿ ಸರ್ವಿಸ್‌ನ ಬಿಲ್ಲನ್ನೂ ಮೇಷ್ಟ್ರು ಹಾಜರಿ ಪುಸ್ತಕದ ಹಾಗೆ ದಾರ ಕಟ್ಟಿ ಇಟ್ಟಿದ್ದರು. ಬೆಳಿಗ್ಗೆ ಆರಕ್ಕೆ, ಮಂಜಿನಲ್ಲಿ, ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಕ್ಲಚ್ ಮಾತ್ರ ಮುಗಿದಿತ್ತು. ಅವರೇ ಮೊದಲು ಹೇಳಿದರು. 6.90 ಕೇಳಿದ್ದರು, ಕ್ಲಚ್ ಖರ್ಚು ಕಳೆದು 6.60ಕ್ಕೆ ಒಪ್ಪಿದರು. ಸರ ಬಿಡಿಸಿಕೊಳ್ಳೋದು ಇನ್ನೊಂದು ಕೊಯ್ಲು ಮುಂದಕ್ಕೆ ಹೋಯ್ತು ಅಂತ ಚಿಕ್ಕಮ್ಮ ಸ್ವಲ್ಪ ಗೊಣಗಿದರು.

ಆರ್‌ಸಿ ಹೆಸರಿಗಾಗುವವರೆಗೆ 25 ಸಾವಿರ ಬಾಕಿ ಇಟ್ಟುಕೊಳ್ಳೋದು ಅಂತ ಇಬ್ಬರೂ ಕಾಗದದ ಮೇಲೆ ಬರೆದು ಸಹಿ ಹಾಕಿದರು. ಗಾಡಿ ಕೈ ಬದಲಾದ ದಿನ, ಗಂಟೆ, ಮೀಟರ್ ಎಲ್ಲವೂ ಅದರಲ್ಲಿದೆ. ಅದೇ ರಾಜ್ಯದೊಳಗೆ ಮಾರಿದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನು ಹೆಸರಿಗೆ ಮಾಡಿಸಲು ಕೊಂಡವರಿಗೆ ಇರೋದು 14 ದಿನ. ಮೇಷ್ಟ್ರ ನೋ ಕ್ಲೇಮ್ ಬೋನಸ್ ಮೇಷ್ಟ್ರ ಜೊತೆಗೇ ಹೋಗುತ್ತೆ, ಹಾಗಾಗಿ ಪ್ರೀಮಿಯಂ ಸ್ವಲ್ಪ ಏರಿತು. ಇಪ್ಪತ್ತಾರನೇ ದಿನ ಆರ್‌ಸಿ ಬಂತು. ಅವತ್ತೇ ಅವನು ಉಳಿದ 25 ಸಾವಿರ ಕಳಿಸಿ, ಮಾರನೇ ದಿನ ಚಿಕ್ಕಪ್ಪನನ್ನು ಕೂರಿಸಿಕೊಂಡು ಘಾಟಿ ಇಳಿದ.